ಗೆದ್ದದ್ದು ಡ್ರೈವರಾ, ಕಾರಾ, ಮೆಕ್ಯಾನಿಕ್ಕಾ?

ನಾಸ್ಕಾರ್ ಹಾಲ್ ಆಫ್ ಫೇಮ್‌ಗೆ ಡ್ರೈವರ್‌ಗಳನ್ನು ಹೇಗೆ ಆರಿಸುತ್ತಾರೆ, ಹೇಗೆ ಆರಿಸಬೇಕು ಅಂತ ಈ ಸಲ ನಾಲ್ಕು ಜನ ಬರೆದಿದ್ದೀರಿ. ನಾಲ್ಕಕ್ಕೂ ಇಲ್ಲೇ ಉತ್ತರ ಕೊಡುತ್ತೇನೆ. ಹೊಸಬರಿಗೆ ಒಂದು ಮಾತು: ನಾಸ್ಕಾರ್ ಅಂದರೆ ಅಮೆರಿಕದ ಸ್ಟಾಕ್ ಕಾರ್ ರೇಸ್. ಹೊರಗಿನಿಂದ ನೋಡಿದರೆ ಮನೆ ಮುಂದೆ ನಿಲ್ಲಿಸುವ ಕಾರಿನ ಹಾಗೇ ಕಾಣುತ್ತದೆ, ಒಳಗೆ ಪೂರ್ತಿ ರೇಸಿಗೆಂದೇ ಕಟ್ಟಿದ ಗಾಡಿ. ಹಾಲ್ ಆಫ್ ಫೇಮ್ ಅಂದರೆ ಆ ಆಟದ ದೊಡ್ಡವರನ್ನು ಆರಿಸಿ ಗೌರವಿಸುವ ಭವನ.

ಪ್ರಶ್ನೆ: ನಾನು ಅಮೆರಿಕದ ಷಾರ್ಲಟ್‌ನಲ್ಲಿ ಬ್ಯಾಂಕೊಂದರ ಐಟಿ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಊರಿಂದ ಬಂದ ಅಪ್ಪ, ಅಮ್ಮನನ್ನು ಇಲ್ಲಿನ ಹಾಲ್ ಆಫ್ ಫೇಮ್‌ಗೆ ಕರೆದುಕೊಂಡು ಹೋಗಿದ್ದೆ. ಅಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ರಿಟೈರ್ ಆದವರು. "ಎಂಜಿನ್ ಕಟ್ಟೋನು ಒಬ್ಬ, ಟೈರ್ ಬದಲಿಸೋರು ಇಷ್ಟು ಜನ, ಹೆಸರು ಮಾತ್ರ ಸ್ಟೀರಿಂಗ್ ಹಿಡಿದವನದು, ಇದ್ಯಾವ ನ್ಯಾಯ?" ಅಂದರು. ನನಗೆ ಉತ್ತರ ಹೊಳೆಯಲಿಲ್ಲ. ತಂಡದ ಆಟದಲ್ಲಿ ಡ್ರೈವರ್ ಒಬ್ಬನನ್ನೇ ಹೇಗೆ ಅಳೆಯುತ್ತಾರೆ?

ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಆಯ್ಕೆ ಸಮಿತಿಯವರು ವರ್ಷವರ್ಷವೂ ತಲೆ ಕೆಡಿಸಿಕೊಳ್ಳುವ ಪ್ರಶ್ನೆಯನ್ನೇ ಅವರು ಕೇಳಿದ್ದಾರೆ.

ಅವರಿಗೆ ಮೊದಲು ಸಂತೋಷದ ಸುದ್ದಿ ಹೇಳಿ. ಅದೇ ಕಟ್ಟಡದಲ್ಲಿ ಮೆಕ್ಯಾನಿಕ್‌ಗಳೂ ಇದ್ದಾರೆ. ಕಾರು ನೋಡಿಕೊಳ್ಳುವ ಮೆಕ್ಯಾನಿಕ್ ತಂಡದ ಮುಖ್ಯಸ್ಥನನ್ನು ಅಲ್ಲಿ ಕ್ರೂ ಚೀಫ್ ಅಂತಾರೆ. ಕ್ರೂ ಚೀಫ್‌ಗಳಾದ ಡೇಲ್ ಇನ್‌ಮನ್ 2012ರಲ್ಲಿ, ಲೆನರ್ಡ್ ವುಡ್ 2013ರಲ್ಲಿ, ಎಂಜಿನ್ ಕಟ್ಟುತ್ತಿದ್ದ ಮಾರಿಸ್ ಪೆಟ್ಟಿ 2014ರಲ್ಲಿ ಸೇರಿದರು. ಮತ್ತೆ ಹೋದಾಗ ಆ ಹೆಸರುಗಳ ಮುಂದೆ ಅಪ್ಪನನ್ನು ಸ್ವಲ್ಪ ಹೊತ್ತು ನಿಲ್ಲಿಸಿ.

ಈಗ ಅಳೆಯುವ ವಿಷಯ. ರಿಚರ್ಡ್ ಪೆಟ್ಟಿ 200 ರೇಸ್ ಗೆದ್ದವರು, 7 ಸಲ ವರ್ಷದ ಚಾಂಪಿಯನ್. ಆ ಏಳೂ ಸಲ ಕ್ರೂ ಚೀಫ್ ಆಗಿದ್ದದ್ದು ಇನ್‌ಮನ್, ಪೆಟ್ಟಿಯ ಕಸಿನ್. 1981ರಲ್ಲಿ ಇನ್‌ಮನ್ ತಂಡ ಬಿಟ್ಟರು. 1984ರಲ್ಲಿ ಟೆರ್ರಿ ಲಬಾಂಟಿಯ ಕಾರನ್ನು ನೋಡಿಕೊಂಡು ಅವರನ್ನೂ ಚಾಂಪಿಯನ್ ಮಾಡಿಬಿಟ್ಟರು. ಪೆಟ್ಟಿ 1992ರವರೆಗೂ ಓಡಿಸಿದರು, ಎಂಟನೇ ಚಾಂಪಿಯನ್‌ಶಿಪ್ ಬರಲೇ ಇಲ್ಲ. ಹಾಗಂತ ಪೆಟ್ಟಿ ಸಣ್ಣವರಾಗುತ್ತಾರಾ? ಖಂಡಿತ ಇಲ್ಲ. 1967ರಲ್ಲಿ 48 ರೇಸ್ ಓಡಿ 27 ಗೆದ್ದದ್ದು, ಅದರಲ್ಲಿ ಸಾಲಾಗಿ 10, ಬರೀ ಒಳ್ಳೆ ಕಾರಿನಿಂದ ಆಗುವ ಕೆಲಸ ಅಲ್ಲ. ಆದರೆ ಆ 200ರಲ್ಲಿ ಇನ್‌ಮನ್ ಕೈ ಎಷ್ಟಿದೆ ಅಂತ ನೋಡದೆ ಲೆಕ್ಕ ಮುಗಿಯುವುದಿಲ್ಲ.

ಅದಕ್ಕೇ ನಾನು ಯಾವ ಡ್ರೈವರ್ ಹೆಸರು ಬಂದರೂ ಮೊದಲು ಒಂದನ್ನು ನೋಡುತ್ತೇನೆ. ಕಾರು ಬದಲಾದಾಗ, ತಂಡ ಕೈಬಿಟ್ಟಾಗ ಈ ಮನುಷ್ಯ ಏನು ಮಾಡಿದ?

ಡೇವಿಡ್ ಪಿಯರ್ಸನ್ ಕಥೆ ಕೇಳಿ. 1966ರಲ್ಲಿ ಕಾಟನ್ ಓವನ್ಸ್ ಕಾರಿನಲ್ಲಿ ಚಾಂಪಿಯನ್. 1968, 1969ರಲ್ಲಿ ಹೋಲ್ಮನ್ ಮೂಡಿ ತಂಡದಲ್ಲಿ ಚಾಂಪಿಯನ್. 1972ರಲ್ಲಿ ವುಡ್ ಬ್ರದರ್ಸ್ ತಂಡಕ್ಕೆ ಬಂದರು, ಮರುವರ್ಷ 18 ರೇಸ್ ಓಡಿಸಿ 11 ಗೆದ್ದರು. ಆಮೇಲೆ 1979ರ ಏಪ್ರಿಲ್, ಡಾರ್ಲಿಂಗ್ಟನ್ ಟ್ರ್ಯಾಕ್. ಪಿಟ್‌ಗೆ, ಅಂದರೆ ಟೈರ್, ಇಂಧನಕ್ಕೆ ನಿಲ್ಲುವ ಜಾಗಕ್ಕೆ, ಬಂದಾಗ ಒಂದೇ ಪಕ್ಕದ ಎರಡು ಟೈರ್ ಮಾತ್ರ ಬದಲಿಸುತ್ತಾರೆ ಅಂದುಕೊಂಡಿದ್ದರು ಪಿಯರ್ಸನ್. ತಂಡದವರು ನಾಲ್ಕೂ ಬದಲಿಸುತ್ತಿದ್ದರು. ಎಡಗಡೆ ನಟ್‌ಗಳನ್ನು ಆಗಲೇ ಸಡಿಲ ಮಾಡಿದ್ದರು. ಅವರು ನಿಲ್ಲು ಅಂತ ಕೂಗಿದ್ದು ಪಿಯರ್ಸನ್‌ಗೆ ಹೋಗು ಅಂತ ಕೇಳಿಸಿತು. ಇಂಗ್ಲಿಷಿನಲ್ಲಿ 'ವೋ' ಮತ್ತು 'ಗೋ', ಎಂಜಿನ್ ಸದ್ದಿನಲ್ಲಿ ಎರಡಕ್ಕೂ ಎಷ್ಟು ವ್ಯತ್ಯಾಸ ಹೇಳಿ! ಗಾಡಿ ಹೊರಟಿತು, ಪಿಟ್ ರಸ್ತೆಯ ಕೊನೆ ಮುಟ್ಟುವಷ್ಟರಲ್ಲಿ ಎಡಗಡೆಯ ಚಕ್ರಗಳು ಕಳಚಿಬಿದ್ದವು, ಇಷ್ಟು ವರ್ಷ ಕೂಡಿ ಗೆದ್ದ ಡ್ರೈವರ್ ಮತ್ತು ತಂಡ ಅದಾದ ಕೆಲವೇ ದಿನಕ್ಕೆ ಬೇರೆಯಾದರು.

ಅದೇ ವರ್ಷ ಸೆಪ್ಟೆಂಬರ್. ಅದೇ ಡಾರ್ಲಿಂಗ್ಟನ್. ಡೇಲ್ ಅರ್ನ್‌ಹಾರ್ಟ್ ಆಗಿನ್ನೂ ಹೊಸ ಹುಡುಗ, ಅಪಘಾತದಲ್ಲಿ ಗಾಯಗೊಂಡಿದ್ದರು. ಅವರ ಕಾರಿಗೆ ಬದಲಿ ಡ್ರೈವರ್ ಆಗಿ ಪಿಯರ್ಸನ್ ಕೂತರು. ತನ್ನದಲ್ಲದ ಕಾರು, ತನ್ನದಲ್ಲದ ತಂಡ. ಗೆದ್ದರು!

ಪೆಟ್ಟಿ ಮತ್ತು ಪಿಯರ್ಸನ್ 63 ರೇಸ್‌ಗಳಲ್ಲಿ ಒಂದನೇ, ಎರಡನೇ ಸ್ಥಾನ ಹಂಚಿಕೊಂಡಿದ್ದಾರೆ. ಅದರಲ್ಲಿ 33 ಸಲ ಮುಂದಿದ್ದದ್ದು ಪಿಯರ್ಸನ್. ಇಷ್ಟಿದ್ದೂ 2010ರ ಮೊದಲ ಐವರ ಪಟ್ಟಿಯಲ್ಲಿ ಅವರ ಹೆಸರು ಇರಲಿಲ್ಲ, ಮರುವರ್ಷ ಸೇರಿಸಿದರು. ಮೊದಲ ವರ್ಷವೇ ನಾಸ್ಕಾರ್ ಕಟ್ಟಿದ ಫ್ರಾನ್ಸ್ ಅನ್ನುವ ಮನೆತನದ ತಂದೆ, ಮಗ ಇಬ್ಬರಿಗೂ ಜಾಗ ಕೊಟ್ಟು ಪಿಯರ್ಸನ್‌ರನ್ನು ಕಾಯಿಸಿದ್ದು ತಪ್ಪು. ಅದನ್ನು ನಾನು ಇವತ್ತಿಗೂ ಒಪ್ಪುವುದಿಲ್ಲ.

ಹೊಸ ಕಾಲದವರಿಗೂ ಇದೇ ಅಳತೆ ಹಿಡಿಯಬಹುದು. ಜಿಮ್ಮಿ ಜಾನ್ಸನ್ 83 ಗೆಲುವು, 7 ಚಾಂಪಿಯನ್‌ಶಿಪ್. 83ರಲ್ಲಿ 81 ಬಂದದ್ದು ಕ್ರೂ ಚೀಫ್ ಚಾಡ್ ಕನೌಸ್ ಜೊತೆ. ಎಲ್ಲಾ ಕನೌಸ್ ತಲೆ, ಜಾನ್ಸನ್ ಸುಮ್ನೆ ಓಡಿಸಿದ್ದು ಅನ್ನುವವರು ಇದ್ದಾರೆ. ಅವರು ಉಳಿದ ಎರಡನ್ನು ನೋಡಲಿ. 2006ರಲ್ಲಿ ನಾಸ್ಕಾರ್‌ನ ದೊಡ್ಡ ರೇಸ್ ಡೇಟೋನಾ 500 ಹೊತ್ತಿಗೆ ನಿಯಮ ಮುರಿದದ್ದಕ್ಕೆ ಕನೌಸ್‌ರನ್ನು ಅಮಾನತು ಮಾಡಿ ಮನೆಗೆ ಕಳಿಸಿದ್ದರು. ಡೇರಿಯನ್ ಗ್ರಬ್ ಅನ್ನುವವರು ಆ ಜಾಗದಲ್ಲಿ ನಿಂತರು. ಜಾನ್ಸನ್ ಆ ರೇಸ್ ಗೆದ್ದರು, ಕನೌಸ್ ಇನ್ನೂ ಹೊರಗಿದ್ದಾಗಲೇ ಲಾಸ್ ವೇಗಸ್ ಕೂಡ ಗೆದ್ದರು. ಇಲ್ಲಿ ಸಮಿತಿ ಮಾಡಿದ ಕೆಲಸ ನನಗೆ ತುಂಬಾ ಇಷ್ಟ. ಜಾನ್ಸನ್, ಕನೌಸ್ ಇಬ್ಬರನ್ನೂ 2024ರಲ್ಲಿ ಒಟ್ಟಿಗೇ ಒಳಗೆ ಕರೆದರು.

ಪ್ರಶ್ನೆ: ಮತ ಹಾಕುವವರು ಯಾರು? ನಿಯಮ ಏನು?

ಚಿಕ್ಕದಾಗಿ ಹೇಳುತ್ತೇನೆ. ಡ್ರೈವರ್ ಆದರೆ ಕನಿಷ್ಠ 10 ವರ್ಷ ನಾಸ್ಕಾರ್‌ನಲ್ಲಿ ಓಡಿಸಿರಬೇಕು, ನಿಲ್ಲಿಸಿ 2 ವರ್ಷ ಆಗಿರಬೇಕು. 10 ವರ್ಷ ಓಡಿಸಿ ವಯಸ್ಸು 55 ತುಂಬಿದ್ದರೆ ನಿಲ್ಲಿಸಬೇಕು ಅಂತಲೂ ಇಲ್ಲ. ಯಾವುದೋ ಕಾರಣಕ್ಕೆ ಬೇಗ ಬಿಟ್ಟುಹೋದವರನ್ನೂ ಪರಿಗಣಿಸಲು ಅವಕಾಶ ಇದೆ. ಇದನ್ನು ನೆನಪಿಟ್ಟುಕೊಳ್ಳಿ, ಕೊನೆಯ ಪ್ರಶ್ನೆಗೆ ಬೇಕಾಗುತ್ತದೆ.

ಮತ ಹಾಕುವವರಲ್ಲಿ ನಾಸ್ಕಾರ್‌ನವರು, ಟ್ರ್ಯಾಕ್ ಮಾಲೀಕರು, ಪತ್ರಕರ್ತರು, ಹಳೆಯ ಡ್ರೈವರ್‌ಗಳು, ತಂಡದವರು, ಕಾರು ಕಂಪನಿಯವರು ಎಲ್ಲಾ ಇರುತ್ತಾರೆ. ಅಭಿಮಾನಿಗಳೆಲ್ಲ ಆನ್‌ಲೈನ್‌ನಲ್ಲಿ ಹಾಕಿದ ಮತ ಸೇರಿ ಒಂದೇ ಮತ ಆಗುತ್ತದೆ. ಮೊದಲು ವರ್ಷಕ್ಕೆ ಐದು ಜನ ಸೇರುತ್ತಿದ್ದರು. 2021ರ ಸಾಲಿನಿಂದ ಮೂರಕ್ಕೆ ಇಳಿಸಿದರು: ಆಧುನಿಕ ಕಾಲದ ಪಟ್ಟಿಯಿಂದ ಇಬ್ಬರು, ಹಳಬರ ಪಟ್ಟಿಯಿಂದ ಒಬ್ಬರು. ಈ ಎರಡು ಪಟ್ಟಿಯ ಪದ್ಧತಿ ಒಳ್ಳೆಯದು. ಟಿವಿ ಬರುವ ಮುಂಚೆ ಮಣ್ಣಿನ ಟ್ರ್ಯಾಕ್‌ನಲ್ಲಿ ಧೂಳು ಕುಡಿದವರನ್ನು ಇಲ್ಲದಿದ್ದರೆ ಯಾರು ನೆನೆಯುತ್ತಿದ್ದರು?

ಪ್ರಶ್ನೆ: ನಾನು ಮೈಸೂರಿನ ಕಾಲೇಜು ವಿದ್ಯಾರ್ಥಿ. ಕಂಪ್ಯೂಟರ್‌ನಲ್ಲಿ ಆಡುವ ಸಿಮ್ ರೇಸಿಂಗ್ ಹುಚ್ಚು. ಅಂಕಿಅಂಶ ನೋಡಿದರೆ ಅಲನ್ ಕುಲ್ವಿಕಿ 5 ರೇಸ್ ಗೆದ್ದಿದ್ದಾರೆ, ವೆಂಡೆಲ್ ಸ್ಕಾಟ್ ಒಂದೇ ಒಂದು. ಇವರು ಒಳಗೆ ಹೇಗೆ ಬಂದರು ಮೇಡಂ? ಇಂತಿಷ್ಟು ಗೆಲುವು ಅಂತ ಒಂದು ಗೆರೆ ಹಾಕಿದರೆ ಗಲಾಟೆಯೇ ಇರುವುದಿಲ್ಲ ಅಲ್ವಾ?

ಗಲಾಟೆ ಇರುವುದಿಲ್ಲ, ನಿಜ. ಆದರೆ ಗೆರೆ ಹಾಕಿದರೆ ನಾನು ಹೇಳಿದ ಅಳತೆಯಲ್ಲಿ ಎಲ್ಲರಿಗಿಂತ ಮೇಲೆ ನಿಲ್ಲುವ ಇಬ್ಬರು ಹೊರಗೆ ಉಳಿಯುತ್ತಾರೆ. ಏಕೆಂದರೆ ಇವರಿಗೆ ಬೇರೆಯವರ ತಂಡದ ಆಸರೆಯೇ ಇರಲಿಲ್ಲ.

ಕುಲ್ವಿಕಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವರು, ವಿಸ್ಕಾನ್ಸಿನ್‌ನಿಂದ ಷಾರ್ಲಟ್‌ಗೆ ಬಂದು ಸ್ವಂತ ತಂಡ ಕಟ್ಟಿದರು. ಮಾಲೀಕರೂ ಅವರೇ, ಡ್ರೈವರೂ ಅವರೇ. ದೊಡ್ಡ ತಂಡದ ಜೂನಿಯರ್ ಜಾನ್ಸನ್ ಕರೆದರೂ ಹೋಗಲಿಲ್ಲ. 1992ರಲ್ಲಿ ಸೀಸನ್ ಮುಗಿಯಲು ಆರೇ ರೇಸ್ ಬಾಕಿ ಇದ್ದಾಗ 278 ಅಂಕ ಹಿಂದಿದ್ದರು. ಎಲ್ಲರೂ ಕೈಬಿಟ್ಟಿದ್ದರು. ಕೊನೆಯ ರೇಸ್ ಅಟ್ಲಾಂಟಾದಲ್ಲಿ, ನವೆಂಬರ್ 15. ಅಷ್ಟರಲ್ಲಿ ಇವರು ಮತ್ತೆ ಪೈಪೋಟಿಗೆ ಬಂದಾಗಿತ್ತು. ಅತಿ ಹೆಚ್ಚು ಲ್ಯಾಪ್, ಅಂದರೆ ಸುತ್ತು, ಮುಂದಿದ್ದವರಿಗೆ 5 ಅಂಕ ಜಾಸ್ತಿ ಸಿಗುತ್ತಿತ್ತು. ಆ ಲೆಕ್ಕವನ್ನು ತಂಡ ಪೆನ್ನು ಪೇಪರ್ ಹಿಡಿದು ನೋಡುತ್ತಾ ಇತ್ತು. ಕೊನೆಯ ಸಲ ಪಿಟ್‌ಗೆ ಬರಬೇಕಾದಾಗ ಬರಲಿಲ್ಲ. ಟ್ಯಾಂಕಿನಲ್ಲಿ ಇಂಧನ ತಳ ಕಾಣುತ್ತಿದ್ದರೂ ಇನ್ನೂ ಒಂದು ಸುತ್ತು ಮುಂದೆಯೇ ಓಡಿಸಿ, ಆಮೇಲೆ ಒಳಗೆ ಬಂದರು. ರೇಸ್ ಗೆದ್ದದ್ದು ಚಾಂಪಿಯನ್‌ಶಿಪ್‌ಗೆ ಪೈಪೋಟಿಯಲ್ಲಿದ್ದ ಬಿಲ್ ಎಲಿಯಟ್. ಮುಂದಿದ್ದ ಲ್ಯಾಪ್ ಎಣಿಸಿದರೆ ಕುಲ್ವಿಕಿ 103, ಎಲಿಯಟ್ 102. ಚಾಂಪಿಯನ್‌ಶಿಪ್ ಬಂದದ್ದು 10 ಅಂಕದಲ್ಲಿ. ಆ 5 ಅಂಕ ಆ ಕಡೆ ಹೋಗಿದ್ದರೆ ಇಬ್ಬರೂ ಸಮ, ಸಮ ಆದರೆ ಹೆಚ್ಚು ರೇಸ್ ಗೆದ್ದ ಎಲಿಯಟ್ ಚಾಂಪಿಯನ್. ನೀವು ಸಿಮ್‌ನಲ್ಲಿ ಆಡುವವರು, ಇದರ ಬೆಲೆ ನಿಮಗೆ ಬೇಗ ಗೊತ್ತಾಗುತ್ತದೆ. ಐದು ತಿಂಗಳೂ ತುಂಬಿರಲಿಲ್ಲ, 1993ರ ಏಪ್ರಿಲ್ 1ರಂದು ವಿಮಾನ ಅಪಘಾತದಲ್ಲಿ ತೀರಿಹೋದರು. ಐದೇ ಗೆಲುವು ಅಂತ ಬರೆದಿಡುವಾಗ ಇದನ್ನೂ ಪಕ್ಕದಲ್ಲಿ ಬರೆಯಬೇಕು.

ವೆಂಡೆಲ್ ಸ್ಕಾಟ್ ವಿಷಯ ಬರೆಯುವಾಗ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ವರ್ಜೀನಿಯಾದ ಡ್ಯಾನ್‌ವಿಲ್ ಊರಿನ ಕಪ್ಪು ಮೆಕ್ಯಾನಿಕ್. ಬೇರೆಯವರು ಓಡಿಸಿ ಬಿಟ್ಟ ಗಾಡಿ ಕೊಂಡು, ತಾನೇ ರಿಪೇರಿ ಮಾಡಿ, ಮಕ್ಕಳನ್ನೇ ಪಿಟ್‌ನಲ್ಲಿ ನಿಲ್ಲಿಸಿಕೊಂಡು ಓಡಿಸಿದವರು. 1963ರ ಡಿಸೆಂಬರ್ 1, ಫ್ಲಾರಿಡಾದ ಜ್ಯಾಕ್ಸನ್‌ವಿಲ್, ಅರ್ಧ ಮೈಲಿಯ ಮಣ್ಣಿನ ಟ್ರ್ಯಾಕ್. 200 ಸುತ್ತು ಮುಗಿಸಿದರು, ರೇಸ್ ಮುಗಿಯಿತು ಅಂತ ತೋರಿಸುವ ಚೌಕುಳಿ ಬಾವುಟ ಬೀಳಲಿಲ್ಲ. ಇನ್ನೊಂದು ಸುತ್ತು. ಆಗಲೂ ಇಲ್ಲ. ಮತ್ತೊಂದು. ಕೊನೆಗೆ ಗೆದ್ದವರು ಅಂತ ಘೋಷಿಸಿದ್ದು ಎರಡು ಸುತ್ತು ಹಿಂದಿದ್ದ ಬಕ್ ಬೇಕರ್‌ರನ್ನು. ಟ್ರೋಫಿ ಅವರ ಕೈಗೆ ಹೋಯಿತು, ಜನ ಮನೆಗೆ ಹೋದರು. ಗಂಟೆಗಟ್ಟಲೆ ಆದಮೇಲೆ ಲೆಕ್ಕ ತಪ್ಪಿತ್ತು, ಗೆದ್ದದ್ದು ಸ್ಕಾಟ್ ಅಂದರು. ನೋಡೋಕೆ ಅಲ್ಲಿ ಯಾರೂ ಉಳಿದಿರಲಿಲ್ಲ. ಸ್ಕಾಟ್ 1990ರಲ್ಲಿ ತೀರಿಕೊಂಡರು. ನಾಸ್ಕಾರ್ ಆ ಟ್ರೋಫಿಯನ್ನು ಮನೆಯವರ ಕೈಗೆ ಕೊಟ್ಟದ್ದು 2021ರಲ್ಲಿ.

495 ರೇಸ್, ಅದರಲ್ಲಿ 147 ಸಲ ಮೊದಲ ಹತ್ತರೊಳಗೆ. ಎಂಥ ಕಾರಿನಲ್ಲಿ ಅನ್ನುವುದನ್ನು ಸೇರಿಸಿ ನೋಡಿ. 2015ರಲ್ಲಿ ಅವರನ್ನು ಸೇರಿಸಿದ್ದನ್ನು ಕರುಣೆ ಅನ್ನುವವರು ಕಂಡರೆ ಈ 147ನ್ನು ಮುಂದಿಡಿ.

ಗೆರೆಯ ವಿಷಯದಲ್ಲಿ ಇನ್ನೊಂದೇ ಮಾತು. ಚಾಂಪಿಯನ್‌ಶಿಪ್ ಬೇಕೇ ಬೇಕು ಅಂದರೆ 40 ರೇಸ್ ಗೆದ್ದ ಮಾರ್ಕ್ ಮಾರ್ಟಿನ್ ಹೊರಗೆ. ಐದು ಸಲ ಎರಡನೇ ಸ್ಥಾನ ಅವರದು. 1990ರಲ್ಲಿ ಕಾರ್ಬ್ಯುರೇಟರ್ ಕೆಳಗಿನ ಒಂದು ಬಿಡಿಭಾಗ ನಿಯಮದಂತೆ ಇಲ್ಲ ಅಂತ 46 ಅಂಕ ಕಿತ್ತುಕೊಂಡರು. ಚಾಂಪಿಯನ್‌ಶಿಪ್ ತಪ್ಪಿದ್ದು 26 ಅಂಕದಲ್ಲಿ. ಅದರಲ್ಲಿ ಸ್ಟೀರಿಂಗ್ ಹಿಡಿದವರ ತಪ್ಪೇನು ಹೇಳಿ?

ಪ್ರಶ್ನೆ: ನಿಮಗೊಂದು ಮತ ಇದ್ದಿದ್ದರೆ ಯಾರಿಗೆ ಹಾಕುತ್ತಿದ್ದಿರಿ ಮೇಡಂ? ಮಹಿಳಾ ಡ್ರೈವರ್‌ಗಳು ಯಾರೂ ಇಲ್ಲವಾ?

ಜಾನೆಟ್ ಗಥ್ರಿಗೆ. ಎರಡನೇ ಮಾತೇ ಇಲ್ಲ.

ವಿಮಾನ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದವರು. 1977ರಲ್ಲಿ ಡೇಟೋನಾ 500 ಓಡಿಸಿದ ಮೊದಲ ಮಹಿಳೆ, ಅದೇ ವರ್ಷ ಇಂಡಿಯಾನಾಪೊಲಿಸ್ 500 ಓಡಿಸಿದ ಮೊದಲ ಮಹಿಳೆಯೂ ಅವರೇ. ಡೇಟೋನಾದಲ್ಲಿ ಕೊನೆಗೆ ಎಂಜಿನ್ನಿನ ಸಿಲಿಂಡರ್‌ಗಳು ಕೈಕೊಟ್ಟರೂ 12ನೇ ಸ್ಥಾನಕ್ಕೆ ತಂದು ನಿಲ್ಲಿಸಿದರು. ಅದೇ ವರ್ಷ ಬ್ರಿಸ್ಟಲ್‌ನಲ್ಲಿ 6ನೇ ಸ್ಥಾನ. ಬ್ರಿಸ್ಟಲ್ ಅಂದರೆ ಅರ್ಧ ಮೈಲಿಯ ಬಾವಿಯಂಥ ಟ್ರ್ಯಾಕ್, ತೋಳು ಸೋತುಹೋಗುತ್ತದೆ. ಹೆಂಗಸರಿಗೆ ಅಷ್ಟು ಶಕ್ತಿ ಎಲ್ಲಿ ಅನ್ನುತ್ತಿದ್ದವರಿಗೆ ಅದಕ್ಕಿಂತ ಬೇರೆ ಉತ್ತರ ಬೇಕಾಗಿರಲಿಲ್ಲ.

ಒಟ್ಟು 33 ರೇಸ್. ಆಮೇಲೆ ನಿಂತುಹೋಯಿತು. ಓಡಿಸೋಕೆ ಬರಲಿಲ್ಲ ಅಂತ ಅಲ್ಲ, ದುಡ್ಡು ಹಾಕುವವರು ಸಿಗಲಿಲ್ಲ. 2024ರಲ್ಲಿ ಹಾಲ್ ಆಫ್ ಫೇಮ್ ಅವರಿಗೆ ಲ್ಯಾಂಡ್‌ಮಾರ್ಕ್ ಪ್ರಶಸ್ತಿ ಕೊಟ್ಟಿತು. ಆಟಕ್ಕೆ ಕೊಡುಗೆ ಕೊಟ್ಟವರಿಗೆ ಸಲ್ಲುವ ದೊಡ್ಡ ಗೌರವ ಅದು, ಆದರೆ ಡ್ರೈವರ್ ಅಂತ ಒಳಗೆ ಕರೆದ ಹಾಗಲ್ಲ. 10 ವರ್ಷದ ನಿಯಮ ಅಡ್ಡ ಬರುತ್ತದೆ ಅನ್ನುತ್ತೀರಾ? ಬೇಗ ಬಿಟ್ಟುಹೋದವರನ್ನೂ ಪರಿಗಣಿಸಬಹುದು ಅಂತ ಆಗಲೇ ಹೇಳಿದೆನಲ್ಲ. ಬಿಟ್ಟುಹೋದವರಿಗೇ ಆ ಬಾಗಿಲು ಇದ್ದರೆ, ಬಿಡುವಂತೆ ಆದವರಿಗೆ ಯಾಕೆ ಇರಬಾರದು?

ಷಾರ್ಲಟ್‌ನಿಂದ ಬರೆದವರಿಗೆ ಒಂದು ವಿಷಯ. ಗಥ್ರಿ ಓಡಿಸಿದ ಆ ಸ್ಟಾಕ್ ಕಾರಿನ ಒಡತಿ ಲಿಂಡಾ ಫೆರೇರಿ. ನಿಮ್ಮ ಊರಿನವರೇ, ನಿಮ್ಮ ಹಾಗೆ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದವರು.