ಮುಟ್ಟಿದ್ರೆ ಮುನಿ ಗಿಡಕ್ಕೆ ನರ, ಸ್ನಾಯು ಏನೂ ಇಲ್ಲ, ಆದ್ರೂ ಮುಟ್ಟಿದ ತಕ್ಷಣ ಎಲೆ ಹೇಗೆ ಮಡಚ್ಕೊಳ್ಳುತ್ತೆ?

ಇದು ನೀರಿನ ಕೆಲಸ. ಗದ್ದೆ ಬದುವಲ್ಲೋ ಮೈದಾನದಲ್ಲೋ ಈ ಗಿಡ ಸಿಕ್ರೆ ಒಂದ್ಸಲ ಕೂತ್ಕೊಂಡು ಹತ್ರದಿಂದ ನೋಡಿ (ಮುಳ್ಳಿರುತ್ತೆ, ಹುಷಾರು), ಎಲೆ ತೊಟ್ಟು ಕಾಂಡಕ್ಕೆ ಸೇರೋ ಜಾಗ ಸಣ್ಣ ಗಂಟಿನ ಥರ ಉಬ್ಬಿರುತ್ತೆ, ಒಂದೊಂದು ಪುಟ್ಟ ಎಲೆ ಬುಡದಲ್ಲೂ ಅಂಥದ್ದೇ ಇನ್ನೂ ಚಿಕ್ಕದು ಇರುತ್ತೆ. ಇದಕ್ಕೆ ಪಲ್ವಿನಸ್ ಅಂತಾರೆ. ಅದರೊಳಗಿನ ಜೀವಕೋಶಗಳು ನೀರು ತುಂಬಿದ ಬಲೂನ್ ಥರ ಬಿಗಿಯಾಗಿರೋದ್ರಿಂದಲೇ ಎಲೆ ಬಿಚ್ಕೊಂಡು ನಿಂತಿರೋದು.

ನಾವು ಮುಟ್ಟಿದಾಗ ಒಂದು ಎಲೆಕ್ಟ್ರಿಕಲ್ ಸಿಗ್ನಲ್ ಹುಟ್ಟಿ ಅಲ್ಲಿಗೆ ಹೋಗುತ್ತೆ, ಆಗ ಒಂದು ಬದಿಯ ಕೋಶಗಳಿಂದ ಪೊಟ್ಯಾಸಿಯಂ, ಕ್ಲೋರೈಡ್ ಅಯಾನುಗಳು (ಅಂದ್ರೆ ವಿದ್ಯುತ್ ಚಾರ್ಜ್ ಇರೋ ಕಣಗಳು) ಹೊರಗೆ ಬರ್ತವೆ, ಅವುಗಳ ಹಿಂದೇನೇ ಆಸ್ಮಾಸಿಸ್‌ನಿಂದ (ಇಂಥ ಕಣಗಳು ಹೆಚ್ಚಿರೋ ಕಡೆಗೆ ನೀರು ತಾನಾಗೇ ಹರಿಯೋದು) ನೀರೂ ಬಂದ್ಬಿಡುತ್ತೆ, ಆ ಬದಿ ಗಾಳಿ ಬಿಟ್ಟ ಟ್ಯೂಬ್ ಥರ ಮೆತ್ತಗಾಗುತ್ತೆ, ಇನ್ನೊಂದು ಬದಿ ಮಾತ್ರ ಬಿಗಿಯಾಗೇ ಇರುತ್ತೆ, ಅದಕ್ಕೇ ಎಲೆ ಬಾಗೋದು. ನರ ಇಲ್ದೇನೂ ಗಿಡದಲ್ಲಿ ಸಿಗ್ನಲ್ ಓಡುತ್ತೆ ಅನ್ನೋದು ನಂಗೆ ಇವತ್ತಿಗೂ ಆಶ್ಚರ್ಯ. ನಮ್ಮ ವಿಜ್ಞಾನಿ ಜಗದೀಶ್ ಚಂದ್ರ ಬೋಸ್ ನೂರು ವರ್ಷಕ್ಕೂ ಹಿಂದೆನೇ ಇದೇ ಗಿಡ ಇಟ್ಕೊಂಡು ಪ್ರಯೋಗ ಮಾಡಿದ್ರು, ಮಕ್ಕಳಿಗೆ ಇದನ್ನ ಖಂಡಿತ ಹೇಳಿ.

ಸುಮಾರು 10-20 ನಿಮಿಷದಲ್ಲಿ ಅಯಾನು, ನೀರು ಎರಡೂ ಕೋಶದೊಳಗೆ ವಾಪಸ್ ಹೋಗಿ ಎಲೆ ಮತ್ತೆ ಬಿಚ್ಕೊಳ್ಳುತ್ತೆ. ಆದ್ರೆ ಹೀಗೆ ಬಿಚ್ಚೋಕೆ ಗಿಡ ಶಕ್ತಿ ಖರ್ಚು ಮಾಡ್ಬೇಕು, ಹಾಗಾಗಿ ಸುಮ್ನೆ ಮತ್ತೆ ಮತ್ತೆ ಮುಟ್ಟಿ ಕಾಡ್ಬೇಡಿ. ಒಂದೇ ಸಲ ತುದಿಯ ಎಲೆನ ಮೆಲ್ಲಗೆ ಚಿವುಟಿ ನೋಡಿ, ತುದಿಯಿಂದ ಬುಡದ ಕಡೆಗೆ ಜೋಡಿ ಜೋಡಿಯಾಗಿ ಮಡಚ್ತಾ ಬರುತ್ತೆ, ಆ ಸಿಗ್ನಲ್ ಓಡೋದೇ ಕಣ್ಣಿಗೆ ಕಂಡಂಗಿರುತ್ತೆ.