ಹೊಸದಾಗಿ ಲಂಡನ್ನಿಗೆ ಬಂದ ತಮ್ಮನಿಗೆ

ತಮ್ಮಾ, ಎಂಎಸ್‌ಸಿ ಓದಲು ಲಂಡನ್ನಿಗೆ ಬಂದು ಮೂರು ವಾರವಾಯಿತು, ಇಲ್ಲಿಯವರ ಜೊತೆ ಬೆರೆಯಲು ಎಷ್ಟು ಬದಲಾಗಬೇಕು, ಮೊಟ್ಟೆಯನ್ನೂ ತಿನ್ನದವನು ಹೇಗೆ ದಿನ ದೂಡಬೇಕು, ದುಡ್ಡು ಸಾಲುತ್ತಿಲ್ಲ ಎಂದು ಬರೆದಿದ್ದೀಯ. 1888ರಲ್ಲಿ ಇದೇ ಊರಿಗೆ ಕಾನೂನು ಓದಲು ಬಂದ ಗಾಂಧಿ, 1979ರಲ್ಲಿ ಚೀನಾದಿಂದ ಅಮೆರಿಕದ ಹ್ಯೂಸ್ಟನ್‌ಗೆ ಹೋದ ಬ್ಯಾಲೆ ನರ್ತಕ ಲಿ ತ್ಸುನ್‌ಶಿನ್, ಈ ಇಬ್ಬರ ಮೊದಲ ವರ್ಷಗಳನ್ನು ತಿಳಿದುಕೊಂಡರೆ ನಿನಗೆ ಬಹಳ ಉಪಯೋಗವಾಗುತ್ತದೆ.

ಮೊದಲು ದುಡ್ಡಿನ ಮಾತು. ಬಂದ ಹೊಸದರಲ್ಲಿ ಗಾಂಧಿ ‘ಜಂಟಲ್‌ಮನ್’ ಆಗಲು ಹೊರಟರು. ಬಾಂಡ್ ಸ್ಟ್ರೀಟಿನಲ್ಲಿ 10 ಪೌಂಡಿನ ಸೂಟು, 19 ಶಿಲ್ಲಿಂಗಿನ ಟೋಪಿ (ಆಗ 20 ಶಿಲ್ಲಿಂಗಿಗೆ ಒಂದು ಪೌಂಡು), 3 ಪೌಂಡು ಕೊಟ್ಟು ಡ್ಯಾನ್ಸ್ ಕ್ಲಾಸು, ಇನ್ನೊಂದು 3 ಪೌಂಡಿಗೆ ಪಿಟೀಲು. ಮೂರು ವಾರದಲ್ಲಿ ಆರು ಪಾಠವಾದರೂ ಪಿಯಾನೋದ ಲಯಕ್ಕೆ ಹೆಜ್ಜೆ ಕೂಡಲಿಲ್ಲ. ಸುಮಾರು ಮೂರು ತಿಂಗಳಿಗೆ ಅದನ್ನೆಲ್ಲ ಬಿಟ್ಟರು. ಆಮೇಲೆ ಮಾಡಿದ್ದು ನೋಡು: ಪ್ರತಿ ರಾತ್ರಿ ಮಲಗುವ ಮುಂಚೆ ಬಸ್ಸಿನ ಚಿಲ್ಲರೆಯವರೆಗೂ ಲೆಕ್ಕ ಬರೆಯುವುದು, ಎರಡು ಕೋಣೆ ಬಿಟ್ಟು ಒಂದಕ್ಕೆ ಬರುವುದು, ಬೆಳಿಗ್ಗೆ ಓಟ್ಸ್ ಗಂಜಿ, ರಾತ್ರಿ ಬ್ರೆಡ್ಡು ಮತ್ತು ಕೋಕೋ, ದಿನಕ್ಕೆ 8–10 ಮೈಲಿ ನಡಿಗೆ. ದಿನದ ಖರ್ಚು 1 ಶಿಲ್ಲಿಂಗ್ 3 ಪೆನ್ಸಿಗೆ ಇಳಿಯಿತು. ಓದಿಗೂ ಹೊತ್ತು ಉಳಿಯಿತು, 1890ರಲ್ಲಿ ಲಂಡನ್ ಮೆಟ್ರಿಕ್ಯುಲೇಷನ್ ಪಾಸಾದರು. ಮೊದಲ ಸಲ ಲ್ಯಾಟಿನ್‌ನಲ್ಲಿ ಫೇಲಾಗಿದ್ದರು.

ನೀನೂ ಮೂರು ತಿಂಗಳು ದೊಡ್ಡದೇನನ್ನೂ ಕೊಳ್ಳಬೇಡ, ಮಳೆ ತಡೆಯುವ ಒಂದು ಒಳ್ಳೆಯ ಕೋಟನ್ನು ಬಿಟ್ಟು. ಗಾಳಿ ಜೋರಿದ್ದಾಗ ಇಲ್ಲಿ ಕೊಡೆ ನಿಲ್ಲುವುದಿಲ್ಲ. ಕೋಣೆಯ ಡಿಪಾಜಿಟ್ಟು ಸಾಮಾನ್ಯವಾಗಿ ಐದು ವಾರದ ಬಾಡಿಗೆಗಿಂತ ಹೆಚ್ಚಿರಬಾರದು, ಮಾಲೀಕರು ಅದನ್ನು 30 ದಿನದೊಳಗೆ ಸರ್ಕಾರ ಒಪ್ಪಿದ ರಕ್ಷಣಾ ಯೋಜನೆಯಲ್ಲಿ ಇಡಬೇಕು. ಇಟ್ಟ ದಾಖಲೆ ಕೇಳಿ ಪಡೆದುಕೋ. ಮನೆ ನೋಡದೆ ಊರಿಂದಲೇ ದುಡ್ಡು ಕಳಿಸಿದವರೇ ಹೆಚ್ಚಾಗಿ ಮೋಸಹೋಗುವುದು.

ಊಟದ ಪ್ರಶ್ನೆಗೆ ಗಾಂಧಿಯಷ್ಟು ಸೂಕ್ಷ್ಮವಾಗಿ ತಲೆಕೆಡಿಸಿಕೊಂಡವರು ಕಡಿಮೆ. ಮಾಂಸ ಮುಟ್ಟುವುದಿಲ್ಲವೆಂದು ತಾಯಿಗೆ ಕೊಟ್ಟ ಮಾತಿತ್ತು. ಮೊಟ್ಟೆ ಮಾಂಸವಲ್ಲ ಎಂದು ಇಲ್ಲಿ ಕೆಲವರು ವಾದಿಸಿದಾಗ ಅವರು ಕೊಂಚ ದಿನ ತಿಂದರು. ಆದರೆ ಮಾತು ಪಡೆದವರು ಯಾವ ಅರ್ಥದಲ್ಲಿ ಪಡೆದರೋ ಆ ಅರ್ಥವೇ ನಡೆಯಬೇಕೆಂದು ನಿಲ್ಲಿಸಿಬಿಟ್ಟರು. ಅಲ್ಲಿಂದ ಪ್ರತಿ ಪುಡಿಂಗಿಗೂ ಕೇಕಿಗೂ ‘ಇದರಲ್ಲಿ ಏನಿದೆ?’ ಎಂದು ಕೇಳಬೇಕಾಯಿತು. ನಿನಗೆ ಆ ಕಷ್ಟ ಕಡಿಮೆ. ಪೊಟ್ಟಣದ ಮೇಲೆ ಮೊಟ್ಟೆ, ಹಾಲು, ಮೀನು ಇದ್ದರೆ ದಪ್ಪ ಅಕ್ಷರದಲ್ಲಿ ಎದ್ದು ಕಾಣುತ್ತದೆ. ಆದರೆ ಆ ದಪ್ಪ ಅಕ್ಷರ ಅಲರ್ಜಿಯವರಿಗಾಗಿ, ಸಸ್ಯಾಹಾರಿಗಳಿಗಲ್ಲ. ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆಯುವ ಜೆಲಟಿನ್ ಸಣ್ಣಕ್ಷರದಲ್ಲೇ ಇರುತ್ತದೆ, ಜೆಲ್ಲಿ ಮಿಠಾಯಿಯಲ್ಲಿ ನೋಡು. ಪಾರ್ಮೆಸಾನ್ ಚೀಸಿಗೆ ಹಾಲು ಹೆಪ್ಪುಗಟ್ಟಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ. ಸಸ್ಯಾಹಾರಿ ಗುರುತು ಇದ್ದರೆ ಮಾತ್ರ ಕೊಳ್ಳು.

ವ್ರತ ಹಿಡಿದರೆ ಒಂಟಿಯಾಗುತ್ತೇನೆಂಬ ಭಯ ಬೇಡ. ಫ್ಯಾರಿಂಗ್ಡನ್ ಸ್ಟ್ರೀಟಿನ ಸಸ್ಯಾಹಾರಿ ಹೋಟೆಲು ಸಿಕ್ಕ ಮೇಲೆಯೇ ಗಾಂಧಿಗೆ ಇಲ್ಲಿ ಗೆಳೆಯರಾದದ್ದು, ಸಸ್ಯಾಹಾರಿ ಸಂಘದ ಕಾರ್ಯಕಾರಿ ಸಮಿತಿಗೆ ಸೇರಿದ್ದು. ಎಲ್ಲರಂತಾಗಲು ಕಲಿತ ಡ್ಯಾನ್ಸು ಅವರನ್ನು ಯಾರಿಗೂ ಹತ್ತಿರ ಮಾಡಲಿಲ್ಲ.

ಲಿ ಅವರದು ಬೇರೆಯೇ ಕಥೆ. ಚಿಂಗ್‌ದಾವ್ ಬಳಿಯ ಬಡ ರೈತರ ಏಳು ಗಂಡುಮಕ್ಕಳಲ್ಲಿ ಆರನೆಯವರು, 11ನೇ ವಯಸ್ಸಿಗೆ ಬೀಜಿಂಗ್‌ನ ನೃತ್ಯಶಾಲೆಗೆ ಆಯ್ಕೆಯಾದರು. 1981ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲೇ ಉಳಿಯುತ್ತೇನೆಂದಾಗ ಹ್ಯೂಸ್ಟನ್‌ನ ಚೀನೀ ದೂತಾವಾಸದಲ್ಲಿ ಅವರನ್ನು ಸುಮಾರು 21 ಗಂಟೆ ಹಿಡಿದಿಟ್ಟಿದ್ದರು. ಜೊತೆಗೆ ವಕೀಲರಿದ್ದರು, ಅದೇ ದೊಡ್ಡ ಆಸರೆಯಾಯಿತು. ಬಿಡುಗಡೆಯಾದರೂ ಊರಿನ ದಾರಿ ಮುಚ್ಚಿತು. ತಂದೆತಾಯಿ ಬಂದು ಮಗನ ನೃತ್ಯ ನೋಡಿದ್ದು 1984ರಲ್ಲಿ.

ನಿನಗೆ ಅಂಥ ಸ್ಥಿತಿ ಬರಲಾರದು, ಆದರೂ ಕಾಗದಪತ್ರ ಕೆಟ್ಟರೆ ಹೋಗಿಬರುವ ದಾರಿ ಕೆಡುತ್ತದೆ. ಪಾಸ್‌ಪೋರ್ಟ್ ಯಾರ ಬಳಿಯೂ ಬಿಡಬೇಡ, ಕೆಲಸ ಕೊಡುವವರು ನೋಡಿ ಹಿಂದಿರುಗಿಸಬೇಕು. ಪಾಸ್‌ಪೋರ್ಟ್ ಬದಲಾದರೆ ಇ-ವೀಸಾ (ಆನ್‌ಲೈನ್ ವೀಸಾ) ಖಾತೆಯಲ್ಲೂ ಹೊಸ ಸಂಖ್ಯೆ ಸೇರಿಸು. ವೀಸಾದಲ್ಲಿ ವಾರಕ್ಕೆ 20 ಗಂಟೆ ಕೆಲಸ ಎಂದಿದ್ದರೆ ಸೋಮವಾರದಿಂದ ಭಾನುವಾರದವರೆಗೆ ಎಲ್ಲ ಕೆಲಸ ಸೇರಿ 20. ಈ ವಾರ 25, ಮುಂದಿನ ವಾರ 15 ಎಂದು ಸರಿದೂಗಿಸಲು ಬರುವುದಿಲ್ಲ. ಆ್ಯಪ್ ಮೂಲಕ ಊಟ ತಲುಪಿಸುವ ಕೆಲಸ ಸಾಮಾನ್ಯವಾಗಿ ಸ್ವಂತ ಉದ್ಯೋಗ ಎನಿಸಿಕೊಳ್ಳುತ್ತದೆ, ವಿದ್ಯಾರ್ಥಿಗೆ ಅದು ನಿಷಿದ್ಧ. ಈ ಎರಡರಲ್ಲೇ ನಮ್ಮ ಹುಡುಗರು ಎಡವುವುದು.

ಲಿ ಅವರಿಂದ ಇನ್ನೊಂದು ಕಲಿಯಬೇಕು. ಆಸ್ಟ್ರೇಲಿಯಾದ ಮೆಲ್ಬರ್ನ್‌ಗೆ ಹೋದ ಮೇಲೆ, ಇನ್ನೂ ಕುಣಿಯುತ್ತಿರುವಾಗಲೇ ಹಣಕಾಸು ಓದಿ ಷೇರು ದಲ್ಲಾಳಿಯ ಕೆಲಸ ಹಿಡಿದರು. 1999ರಲ್ಲಿ ವೇದಿಕೆ ಬಿಟ್ಟಾಗ ಕೈಯಲ್ಲಿ ಎರಡನೇ ಕಸುಬಿತ್ತು. ಕೋರ್ಸ್ ಮುಗಿದ ಮೇಲೆ ಕೆಲಸ ಹುಡುಕೋಣ ಎನ್ನಬೇಡ, ಮೊದಲ ಸೆಮಿಸ್ಟರಿನಲ್ಲೇ ಅರ್ಜಿ ಹಾಕಲು ಶುರುಮಾಡು.

ಗಾಂಧಿ 1891ರ ಜೂನ್ 10ರಂದು ಬ್ಯಾರಿಸ್ಟರ್ ಆಗಿ 12ಕ್ಕೆ ಹಡಗು ಹತ್ತಿದರು. ತಾಯಿ ತೀರಿಕೊಂಡ ಸುದ್ದಿ ಅವರಿಗೆ ತಿಳಿದದ್ದು ಮುಂಬೈಯಲ್ಲಿ ಇಳಿದ ಮೇಲೆ. ಪರದೇಶದಲ್ಲಿ ಆಘಾತವಾಗದಿರಲೆಂದು ಅಣ್ಣ ಮುಚ್ಚಿಟ್ಟಿದ್ದರು. ಇಂದಿಗೂ ನಮ್ಮ ಮನೆಗಳಲ್ಲಿ ಹೀಗೇ ಮಾಡುತ್ತಾರೆ. ಯಾರಿಗಾದರೂ ಹುಷಾರಿಲ್ಲದಿದ್ದರೆ ಅದೇ ದಿನ ಹೇಳಬೇಕೆಂದು ಮನೆಯವರಿಂದ ಈಗಲೇ ಮಾತು ತೆಗೆದುಕೋ. ಊರಿಗೆ ಹೋಗಿಬರುವ ಒಂದು ಟಿಕೆಟ್ಟಿನ ದುಡ್ಡನ್ನು ಬೇರೆ ಖಾತೆಯಲ್ಲಿ ಇಡು, ಬಾಡಿಗೆಗೆ ಕಡಿಮೆ ಬಿದ್ದರೂ ಅದನ್ನು ಮುಟ್ಟಬೇಡ.