ಪೆಟ್-ಸಿಟಿ ಸ್ಕ್ಯಾನ್: ಓದುಗರ ಪ್ರಶ್ನೆ, ವೈದ್ಯರ ಉತ್ತರ

ಕ್ಯಾನ್ಸರ್ ಚಿಕಿತ್ಸೆಯಲ್ಲಿ ಬಳಸುವ ಜೋಡಿ ಸ್ಕ್ಯಾನ್‌ಗಳ ಕುರಿತು ಬಂದ ಪತ್ರಗಳಲ್ಲಿ ಕೆಲವನ್ನು ಆಯ್ದು ಇಲ್ಲಿ ಉತ್ತರಿಸಿದ್ದೇನೆ. ಹೆಚ್ಚಿನ ಪತ್ರಗಳನ್ನು ಬರೆದವರು ರೋಗಿಗಳಲ್ಲ, ಅವರ ಮಕ್ಕಳು ಅಥವಾ ಬಾಳಸಂಗಾತಿಗಳು; ವರದಿಯನ್ನು ಕೈಯಲ್ಲಿ ಹಿಡಿದು ಅದರ ಒಂದೊಂದು ಪದಕ್ಕೂ ಅರ್ಥ ಹುಡುಕುತ್ತಿರುವವರು. ಅವರಿಗಾಗಿಯೇ ಕೆಲವು ಉತ್ತರಗಳನ್ನು ತುಸು ವಿಸ್ತಾರವಾಗಿ ಬರೆದಿದ್ದೇನೆ.

ಪ್ರಶ್ನೆ: ನನ್ನ ತಂದೆಯವರಿಗೆ ಶ್ವಾಸಕೋಶದ ಕ್ಯಾನ್ಸರ್ ಇರುವುದು ಬಯಾಪ್ಸಿಯಲ್ಲಿ ಖಚಿತವಾಗಿದೆ. ಎದೆಯ ಸಿಟಿ ಸ್ಕ್ಯಾನ್ ಆಗಲೇ ಆಗಿದೆ. ಈಗ ಪೆಟ್-ಸಿಟಿ ಮಾಡಿಸಿ, ಜೊತೆಗೆ ಮಿದುಳಿನ ಎಮ್‌ಆರ್‌ಐ ಕೂಡ ಬೇಕು ಎನ್ನುತ್ತಿದ್ದಾರೆ. ಇಷ್ಟೊಂದು ಸ್ಕ್ಯಾನ್‌ಗಳು ನಿಜವಾಗಿಯೂ ಅಗತ್ಯವೇ?

ಉತ್ತರ: ನಿಮ್ಮ ತಂದೆಯವರ ಸ್ಥಿತಿಯಲ್ಲಿ ಅಗತ್ಯ ಎಂದೇ ನನ್ನ ಅಭಿಪ್ರಾಯ. ಏಕೆಂದರೆ ಈ ಮೂರೂ ಸ್ಕ್ಯಾನ್‌ಗಳು ಮೂರು ಬೇರೆ ಬೇರೆ ಸಂಗತಿಗಳನ್ನು ತಿಳಿಸುತ್ತವೆ.

ಸಿಟಿಯಲ್ಲಿ ಎಕ್ಸ್-ಕಿರಣಗಳು ಸುತ್ತಲಿಂದ ದೇಹದ ಮೂಲಕ ಹಾದು, ಅಂಗಗಳ ಆಕಾರ, ಗಾತ್ರ ಮತ್ತು ಸ್ಥಾನಗಳನ್ನು ಪದರ ಪದರವಾಗಿ ತೋರಿಸುತ್ತವೆ. ಪೆಟ್‌ನಲ್ಲಿ ಕಿರಣಗಳು ಹೊರಗಿನಿಂದ ಬರುವುದಿಲ್ಲ, ದೇಹದ ಒಳಗಿನಿಂದ ಹೊರಡುತ್ತವೆ. ಇದಕ್ಕಾಗಿ ಎಫ್‌ಡಿಜಿ ಎಂಬ ದ್ರವವನ್ನು ರಕ್ತನಾಳಕ್ಕೆ ಚುಚ್ಚುತ್ತಾರೆ. ಗ್ಲೂಕೋಸನ್ನು ಹೋಲುವ ಅಣುವಿಗೆ ಫ್ಲೋರಿನ್-18 ಎಂಬ ವಿಕಿರಣಶೀಲ ಪರಮಾಣುವನ್ನು ಸೇರಿಸಿ ಇದನ್ನು ತಯಾರಿಸುತ್ತಾರೆ. ಜೀವಕೋಶಗಳು ಇದನ್ನು ಸಕ್ಕರೆಯಂತೆಯೇ ಒಳಗೆ ಎಳೆದುಕೊಳ್ಳುತ್ತವೆ. ಆದರೆ ಸಕ್ಕರೆಯನ್ನು ಒಡೆಯುವ ಕ್ರಿಯೆಯ ಮೊದಲ ಹಂತ ದಾಟಿದ ಮೇಲೆ ಈ ಅಣು ಮುಂದೆ ಸಾಗಲಾರದೆ ಕೋಶದೊಳಗೇ ಉಳಿದುಬಿಡುತ್ತದೆ. ಅನೇಕ ಬಗೆಯ ಕ್ಯಾನ್ಸರ್ ಕೋಶಗಳು ಸಾಮಾನ್ಯ ಕೋಶಗಳಿಗಿಂತ ಹೆಚ್ಚು ಗ್ಲೂಕೋಸ್ ಬಳಸುತ್ತವೆ ಎಂಬುದನ್ನು ಜರ್ಮನಿಯ ವಿಜ್ಞಾನಿ ಆಟೋ ವಾರ್ಬರ್ಗ್ 1920ರ ದಶಕದಲ್ಲೇ ಗುರುತಿಸಿದ್ದರು. ಹಾಗಾಗಿ ಎಲ್ಲಿ ಎಫ್‌ಡಿಜಿ ಹೆಚ್ಚು ಸೇರಿಕೊಂಡಿದೆಯೋ ಆ ಜಾಗ ಚಿತ್ರದಲ್ಲಿ ಹೊಳೆಯುತ್ತದೆ. ಫ್ಲೋರಿನ್-18 ಹೊರಸೂಸುವ ಪಾಸಿಟ್ರಾನ್ ಕಣವು ಹತ್ತಿರದ ಎಲೆಕ್ಟ್ರಾನನ್ನು ಸಂಧಿಸಿದಾಗ ಎರಡೂ ಇಲ್ಲವಾಗಿ, ಎದುರು ಬದುರು ದಿಕ್ಕುಗಳಿಗೆ ಎರಡು ಗಾಮಾ ಕಿರಣಗಳು ಹೊರಡುತ್ತವೆ. ದೇಹವನ್ನು ಬಳೆಯಂತೆ ಸುತ್ತುವರಿದ ಸಂವೇದಕಗಳು ಆ ಜೋಡಿಯನ್ನು ಒಟ್ಟಿಗೆ ಹಿಡಿದು, ಅವು ಹೊರಟ ಜಾಗವನ್ನು ಲೆಕ್ಕಹಾಕುತ್ತವೆ.

ಲಂಡನ್ನಿನಲ್ಲಿ ಎಂಜಿನಿಯರ್ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಅವರ ಯಂತ್ರ 1971ರಲ್ಲಿ ಮೊದಲ ರೋಗಿಯ ಸಿಟಿ ಚಿತ್ರವನ್ನು ತೆಗೆಯಿತು. ಎಫ್‌ಡಿಜಿಯನ್ನು ಮನುಷ್ಯರಿಗೆ ಮೊದಲ ಬಾರಿ ಚುಚ್ಚಿದ್ದು 1976ರಲ್ಲಿ, ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ. ಆದರೂ ಬಹಳ ಕಾಲ ಇವೆರಡೂ ಬೇರೆ ಬೇರೆ ಯಂತ್ರಗಳಾಗಿಯೇ ಉಳಿದಿದ್ದವು. ಪೆಟ್ ಚಿತ್ರದಲ್ಲಿ ಹೊಳಪು ಕಾಣುತ್ತಿತ್ತು, ಆದರೆ ಅದು ದುಗ್ಧಗ್ರಂಥಿಯದೋ (ಲಿಂಫ್ ಗ್ರಂಥಿ) ಪಕ್ಕದ ರಕ್ತನಾಳದ್ದೋ ಎಂದು ಹೇಳುವುದು ಕಷ್ಟವಾಗುತ್ತಿತ್ತು; ಬೇರೊಂದು ದಿನ ತೆಗೆದ ಸಿಟಿಯನ್ನು ಪಕ್ಕದಲ್ಲಿಟ್ಟು ನೋಡಿದರೆ ರೋಗಿ ಮಲಗಿದ್ದ ರೀತಿ, ಉಸಿರು, ಮೂತ್ರಕೋಶದ ಹಿಗ್ಗು ಎಲ್ಲವೂ ಬದಲಾಗಿರುತ್ತಿತ್ತು. ವಿಜ್ಞಾನಿಗಳಾದ ಡೇವಿಡ್ ಟೌನ್ಸೆಂಡ್ ಮತ್ತು ರೊನಾಲ್ಡ್ ನಟ್ ಎರಡನ್ನೂ ಒಂದೇ ಹಾಸಿಗೆಯ ಸುತ್ತ ಕೂಡಿಸಿದರು. ಅವರ ಮೊದಲ ಮಾದರಿ ಯಂತ್ರ 1998ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ರೋಗಿಗಳ ಮೇಲೆ ಬಳಕೆಗೆ ಬಂತು. ಇದರಿಂದ ಇನ್ನೊಂದು ಅನುಕೂಲವೂ ಆಯಿತು. ದೇಹದ ಆಳದಿಂದ ಬರುವ ಕಿರಣಗಳಲ್ಲಿ ಕೆಲವು ದಾರಿಯಲ್ಲೇ ಹೀರಲ್ಪಡುತ್ತವೆ. ಎಷ್ಟು ಹೀರಲ್ಪಟ್ಟಿವೆ ಎಂಬುದನ್ನು ಸಿಟಿಯ ಮಾಹಿತಿಯಿಂದ ಅಂದಾಜಿಸಿ ಪೆಟ್ ಚಿತ್ರವನ್ನು ಸರಿಪಡಿಸಬಹುದು. ಅಂದರೆ ಪೆಟ್-ಸಿಟಿಯಲ್ಲಿನ ಸಿಟಿ ಹಿಂದಿನ ಪರೀಕ್ಷೆಯ ಪುನರಾವರ್ತನೆಯಲ್ಲ, ಅದು ಪೆಟ್‌ನ ಒಂದು ಭಾಗವೇ ಆಗಿದೆ.

ಈಗ ನಿಮ್ಮ ತಂದೆಯವರ ವಿಷಯ. ಶ್ವಾಸಕೋಶದ ಕ್ಯಾನ್ಸರಿನಲ್ಲಿ ಶಸ್ತ್ರಚಿಕಿತ್ಸೆಯೋ, ವಿಕಿರಣ ಚಿಕಿತ್ಸೆಯೋ, ಔಷಧವೋ ಎಂಬ ತೀರ್ಮಾನ ಬಹುಮಟ್ಟಿಗೆ ರೋಗ ಎಲ್ಲಿಯವರೆಗೆ ಹಬ್ಬಿದೆ ಎಂಬುದರ ಮೇಲೆ ನಿಂತಿದೆ. ಸಿಟಿಯೊಂದನ್ನೇ ನಂಬಿದರೆ ಎದೆಯ ನಡುವಿನ ದುಗ್ಧಗ್ರಂಥಿಗಳನ್ನು ಗಾತ್ರದಿಂದಲೇ ಅಳೆಯಬೇಕಾಗುತ್ತದೆ. ಚಿಕ್ಕ ಅಡ್ಡಳತೆ 1 ಸೆಂಟಿಮೀಟರ್ ದಾಟಿದರೆ ಸಂಶಯ ಪಡುವುದು ರೂಢಿ. ಆದರೆ ಹಳೆಯ ಸೋಂಕಿನಿಂದ ದಪ್ಪಗಾದ ಗ್ರಂಥಿಯಲ್ಲಿ ಕ್ಯಾನ್ಸರ್ ಇಲ್ಲದಿರಬಹುದು, ನೋಡಲು ಸಣ್ಣದಾಗಿರುವ ಗ್ರಂಥಿಯಲ್ಲಿ ಇರಬಹುದು. ಮೂಳೆಗೋ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಗೋ ರೋಗ ಹರಡಿದ್ದರೆ ಪೆಟ್-ಸಿಟಿ ಅದನ್ನೂ ಅದೇ ಸಲ ತೋರಿಸಬಲ್ಲದು. ಪ್ರಯೋಜನವಾಗದ ಒಂದು ದೊಡ್ಡ ಶಸ್ತ್ರಚಿಕಿತ್ಸೆಯ ನೋವನ್ನು ಇದರಿಂದ ತಪ್ಪಿಸಲು ಸಾಧ್ಯವಾಗುತ್ತದೆ. ಇನ್ನು ಮಿದುಳು ಸಹಜವಾಗಿಯೇ ಹೇರಳವಾಗಿ ಗ್ಲೂಕೋಸ್ ಬಳಸುವ ಅಂಗವಾದ್ದರಿಂದ ಎಫ್‌ಡಿಜಿ ಚಿತ್ರದಲ್ಲಿ ಅದು ಇಡಿಯಾಗಿ ಹೊಳೆಯುತ್ತದೆ, ಆ ಬೆಳಕಿನಲ್ಲಿ ಸಣ್ಣ ಗಡ್ಡೆ ಮರೆಯಾಗುತ್ತದೆ. ಎಮ್‌ಆರ್‌ಐಯನ್ನು ಪ್ರತ್ಯೇಕವಾಗಿ ಕೇಳಿರುವುದು ಆ ಕಾರಣಕ್ಕೇ.

ಪ್ರಶ್ನೆ: ಅಮ್ಮನಿಗೆ ಸಕ್ಕರೆ ಕಾಯಿಲೆಯಿದೆ. ಪೆಟ್-ಸಿಟಿಗೆ ಹೋದ ದಿನ ರಕ್ತದಲ್ಲಿ ಸಕ್ಕರೆ ಹೆಚ್ಚಾಗಿದೆಯೆಂದು ವಾಪಸು ಕಳುಹಿಸಿದರು. ಇದು ಅಷ್ಟು ಮುಖ್ಯವೇ?

ಉತ್ತರ: ಹೌದು, ಬಹಳ ಮುಖ್ಯ. ಉಪವಾಸದಿಂದ ಬಳಲಿದ ತಾಯಿಯನ್ನು ಕರೆದುಕೊಂಡು ಹಿಂದಿರುಗುವಾಗ ನಿಮಗಾದ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ಅಂದು ಸ್ಕ್ಯಾನ್ ಮಾಡಿದ್ದರೆ ತಪ್ಪು ಚಿತ್ರ ಬರುವ ಸಾಧ್ಯತೆಯಿತ್ತು. ರಕ್ತದಲ್ಲಿರುವ ಗ್ಲೂಕೋಸ್ ಮತ್ತು ನಾವು ಚುಚ್ಚುವ ಎಫ್‌ಡಿಜಿ ಎರಡೂ ಜೀವಕೋಶವನ್ನು ಹೊಗುವುದು ಒಂದೇ ಬಾಗಿಲಿನಿಂದ. ಗ್ಲೂಕೋಸ್ ಹೆಚ್ಚಿದ್ದರೆ ಎಫ್‌ಡಿಜಿಗೆ ಅವಕಾಶ ಕಡಿಮೆಯಾಗಿ ಗಡ್ಡೆಯ ಹೊಳಪು ಮಂಕಾಗುತ್ತದೆ. ಹಾಗೆಂದು ಕೊನೆಗಳಿಗೆಯಲ್ಲಿ ಇನ್ಸುಲಿನ್ ಕೊಟ್ಟರೆ ಎಫ್‌ಡಿಜಿಯೆಲ್ಲ ಸ್ನಾಯುಗಳಿಗೆ ಸೇರಿಬಿಡುತ್ತದೆ. ಸಾಮಾನ್ಯವಾಗಿ ರಕ್ತದ ಸಕ್ಕರೆ ಡೆಸಿಲೀಟರಿಗೆ 200 ಮಿಲಿಗ್ರಾಂಗಿಂತ ಕೆಳಗಿರಬೇಕೆಂದು ನೋಡುತ್ತಾರೆ.

ಕನಿಷ್ಠ 4ರಿಂದ 6 ಗಂಟೆ ಉಪವಾಸವಿರಬೇಕು, ಬರಿಯ ನೀರು ಕುಡಿಯಬಹುದು. ಹಿಂದಿನ ದಿನದಿಂದಲೇ ಶ್ರಮದ ಕೆಲಸ, ವ್ಯಾಯಾಮ ಬೇಡ. ಮೆಟ್‌ಫಾರ್ಮಿನ್ ಮಾತ್ರೆಯಿಂದ ಕರುಳು ಹೆಚ್ಚು ಹೊಳೆಯುವುದರಿಂದ ಕೆಲವು ಕೇಂದ್ರಗಳಲ್ಲಿ ಅದನ್ನು ಎರಡು ದಿನ ಮೊದಲೇ ನಿಲ್ಲಿಸಲು ಹೇಳುತ್ತಾರೆ. ಆದರೆ ಯಾವ ಮಾತ್ರೆಯನ್ನೂ ನೀವಾಗಿಯೇ ನಿಲ್ಲಿಸಬೇಡಿ, ಸ್ಕ್ಯಾನ್‌ನ ದಿನ ಗೊತ್ತಾದೊಡನೆ ಸಕ್ಕರೆ ಕಾಯಿಲೆಯ ವೈದ್ಯರನ್ನೂ ಸ್ಕ್ಯಾನ್ ಕೇಂದ್ರದವರನ್ನೂ ಕೇಳಿ. ಚುಚ್ಚಿದ ನಂತರ ಸುಮಾರು ಒಂದು ಗಂಟೆ ಬೆಚ್ಚಗೆ, ಮೌನವಾಗಿ ಮಲಗಿರಲು ಹೇಳುವುದಕ್ಕೂ ಕಾರಣವಿದೆ: ಮಾತನಾಡಿದರೆ ಗಂಟಲಿನ ಸ್ನಾಯುಗಳು ಹೊಳೆಯುತ್ತವೆ, ಚಳಿಯಾದರೆ ಕುತ್ತಿಗೆ ಮತ್ತು ಭುಜದ ಸುತ್ತಲಿನ, ಮೈಯನ್ನು ಬೆಚ್ಚಗಿಡುವ ಕಂದು ಕೊಬ್ಬು ಹೊಳೆಯುತ್ತದೆ. ತಾಯಿಗೆ ಒಂದು ಹೊದಿಕೆ ತೆಗೆದುಕೊಂಡು ಹೋಗಿ.

ಪ್ರಶ್ನೆ: ನನ್ನ ವರದಿಯಲ್ಲಿ ಎಸ್‌ಯುವಿ 11 ಎಂದಿದೆ. ಅದೇ ವಾರ್ಡಿನಲ್ಲಿದ್ದ ಇನ್ನೊಬ್ಬರದು 5 ಮಾತ್ರ. ನನ್ನ ಕಾಯಿಲೆ ಅವರದಕ್ಕಿಂತ ಎರಡು ಪಟ್ಟು ಕೆಟ್ಟದ್ದೇ?

ಉತ್ತರ: ಅಲ್ಲ. ದಯವಿಟ್ಟು ಈ ಹೋಲಿಕೆಯನ್ನು ಮನಸ್ಸಿನಿಂದ ತೆಗೆದುಹಾಕಿ. ಚುಚ್ಚಿದ ಎಫ್‌ಡಿಜಿ ಇಡೀ ದೇಹದಲ್ಲಿ ಸಮನಾಗಿ ಹರಡಿದ್ದರೆ ಎಲ್ಲೆಡೆಯೂ ಎಸ್‌ಯುವಿ 1 ಆಗಿರುತ್ತಿತ್ತು. 11 ಎಂದರೆ ಆ ಜಾಗದಲ್ಲಿ ಅದರ ಹನ್ನೊಂದು ಪಟ್ಟು ಸೇರಿಕೊಂಡಿದೆ ಎಂದಷ್ಟೇ ಅರ್ಥ. ಕ್ಯಾನ್ಸರಿನ ಬಗೆ, ಗಡ್ಡೆಯ ಗಾತ್ರ, ದೇಹದ ತೂಕ, ಅಂದಿನ ಸಕ್ಕರೆ ಪ್ರಮಾಣ, ಚುಚ್ಚಿದ ಮೇಲೆ ಎಷ್ಟು ಹೊತ್ತು ಕಾದರು, ಯಂತ್ರ ಯಾವುದು ಎಂಬ ಎಲ್ಲದರಿಂದಲೂ ಈ ಅಂಕಿ ಏರಿಳಿಯುತ್ತದೆ. ತುಂಬ ಹೊಳೆಯುವ ಕೆಲವು ಲಿಂಫೋಮಾಗಳು (ದುಗ್ಧಗ್ರಂಥಿಗಳ ಕ್ಯಾನ್ಸರ್) ಔಷಧಕ್ಕೆ ಬೇಗ ಕರಗುವುದೂ ಉಂಟು. ನಿಮ್ಮ ಅಂಕಿಯನ್ನು ಹೋಲಿಸಬೇಕಾದದ್ದು ನಿಮ್ಮದೇ ಹಿಂದಿನ ಅಥವಾ ಮುಂದಿನ ಸ್ಕ್ಯಾನಿನೊಂದಿಗೆ, ಅದೂ ಸಾಧ್ಯವಾದಷ್ಟು ಅದೇ ಯಂತ್ರದಲ್ಲಿ, ಅದೇ ಸಿದ್ಧತೆಯೊಂದಿಗೆ ತೆಗೆದದ್ದಾದರೆ. ಇಂತಹ ವರದಿಗಳು ವೈದ್ಯರ ಎದುರಿನಲ್ಲಿ ಕುಳಿತು ಓದುವಂಥವು. ವಿವರಿಸುವವರಿಲ್ಲದೆ ಅವುಗಳನ್ನು ರೋಗಿಯ ಕೈಗಿಡುವುದು ನನಗೆ ಸರಿಕಾಣುವುದಿಲ್ಲ.

ಪ್ರಶ್ನೆ: ಸ್ತನ ಕ್ಯಾನ್ಸರಿಗೆ ಚಿಕಿತ್ಸೆ ಮುಗಿದ ಅಕ್ಕನ ಪೆಟ್-ಸಿಟಿಯಲ್ಲಿ ಎದೆಯ ಒಂದು ಗ್ರಂಥಿ ಹೊಳೆದಿದೆ. ಕ್ಯಾನ್ಸರ್ ಮರಳಿದೆಯೆಂದು ಮನೆಯವರೆಲ್ಲ ಕಂಗಾಲಾಗಿದ್ದೇವೆ. ವೈದ್ಯರು ಬಯಾಪ್ಸಿ ಮಾಡೋಣ ಎನ್ನುತ್ತಿದ್ದಾರೆ. ಸ್ಕ್ಯಾನ್‌ನಲ್ಲೇ ಕಂಡಿರುವಾಗ ಮತ್ತೆ ಸೂಜಿ ಏಕೆ?

ಉತ್ತರ: ಸ್ಕ್ಯಾನ್‌ನಲ್ಲಿ ಕಂಡಿರುವುದು ಕ್ಯಾನ್ಸರ್ ಅಲ್ಲ, ಗ್ಲೂಕೋಸಿನ ಹಸಿವು. ಆ ಹಸಿವು ಕ್ಯಾನ್ಸರ್ ಕೋಶಗಳಿಗೆ ಮಾತ್ರ ಇರುವುದಲ್ಲ. ಸೋಂಕಿನೊಡನೆ ಹೋರಾಡುವ ಬಿಳಿ ರಕ್ತಕಣಗಳೂ ಅಷ್ಟೇ ಆತುರದಿಂದ ಅದನ್ನು ಹೀರಿಕೊಳ್ಳುತ್ತವೆ. ಕ್ಷಯದ ಗ್ರಂಥಿಯನ್ನೂ ಸಾರ್ಕಾಯ್ಡೋಸಿಸ್ ಎಂಬ ಉರಿಯೂತದ ಗ್ರಂಥಿಯನ್ನೂ ಕ್ಯಾನ್ಸರಿನ ಗ್ರಂಥಿಯಿಂದ ಕೇವಲ ಹೊಳಪು ನೋಡಿ ಬೇರ್ಪಡಿಸಲು ಅನುಭವಿ ಕಣ್ಣಿಗೂ ಸಾಧ್ಯವಾಗದ ಸಂದರ್ಭಗಳಿವೆ. ಲಸಿಕೆ ಹಾಕಿಸಿಕೊಂಡ ಕೆಲವು ವಾರಗಳವರೆಗೆ ಅದೇ ಬದಿಯ ಕಂಕುಳಿನ ಗ್ರಂಥಿಗಳು ಹೊಳೆಯಬಹುದು. ಮೂಳೆಮಜ್ಜೆಯನ್ನು ಚುರುಕುಗೊಳಿಸುವ ಚುಚ್ಚುಮದ್ದು ಪಡೆದವರಲ್ಲಿ ಬೆನ್ನೆಲುಬೆಲ್ಲ ಹೊಳೆಯುತ್ತದೆ. ಆದ್ದರಿಂದ ಇತ್ತೀಚೆಗೆ ಬಂದ ಜ್ವರ, ಗಾಯ, ಲಸಿಕೆ, ಶಸ್ತ್ರಚಿಕಿತ್ಸೆ ಯಾವುದನ್ನೂ ಸ್ಕ್ಯಾನ್ ಕೇಂದ್ರದವರಿಂದ ಮುಚ್ಚಿಡಬಾರದು.

ಇದರ ಇನ್ನೊಂದು ಮುಖವನ್ನೂ ಹೇಳಲೇಬೇಕು. ಹೊಳಪಿಲ್ಲ ಎಂದ ಮಾತ್ರಕ್ಕೆ ಕ್ಯಾನ್ಸರ್ ಇಲ್ಲ ಎಂದೂ ಅಲ್ಲ. ಒಂದು ಸೆಂಟಿಮೀಟರಿಗಿಂತ ಸಣ್ಣ ಗಂಟುಗಳು ತಪ್ಪಿಹೋಗಬಹುದು. ಹಾರ್ಮೋನ್ ಸ್ರವಿಸುವ ಕೋಶಗಳಲ್ಲಿ ಹುಟ್ಟಿ ನಿಧಾನವಾಗಿ ಬೆಳೆಯುವ ನ್ಯೂರೋಎಂಡೋಕ್ರೈನ್ ಗಡ್ಡೆಗಳು, ಯಕೃತ್ತಿನ ಕೆಲವು ಕ್ಯಾನ್ಸರ್‌ಗಳು, ಸ್ತನದ ಹಾಲಿನ ಗ್ರಂಥಿಗಳಲ್ಲಿ ಹುಟ್ಟುವ ಲಾಬ್ಯುಲರ್ ಬಗೆಯವು ಎಫ್‌ಡಿಜಿಯನ್ನು ಕಡಿಮೆ ಹೀರುತ್ತವೆ. ನಿಮ್ಮ ಅಕ್ಕನ ವೈದ್ಯರು ಚಿತ್ರವನ್ನು ಸೂಜಿ ಎಲ್ಲಿ ಹಾಕಬೇಕು ಎಂಬುದಕ್ಕೆ ದಾರಿಯಾಗಿ ಬಳಸುತ್ತಿದ್ದಾರೆ, ಕ್ಯಾನ್ಸರ್ ಮರಳಿದೆಯೇ ಎಂಬ ಉತ್ತರವನ್ನು ಜೀವಕೋಶಗಳಿಂದಲೇ ಪಡೆಯಲಿದ್ದಾರೆ. ಇದು ಸರಿಯಾದ ಕ್ರಮ. ಆ ಫಲಿತಾಂಶ ಬರುವವರೆಗೆ ಕ್ಯಾನ್ಸರ್ ಮರಳಿದೆ ಎಂದು ಯಾರೂ ಹೇಳಿಲ್ಲ ಎಂಬುದನ್ನು ಮನೆಯವರೆಲ್ಲ ನೆನಪಿಟ್ಟುಕೊಳ್ಳಿ.

ಪ್ರಶ್ನೆ: ಗಂಟಲಿನ ಕ್ಯಾನ್ಸರಿಗೆ ಕಿಮೊ ಮತ್ತು ವಿಕಿರಣ ಚಿಕಿತ್ಸೆ ಮುಗಿದು ಒಂದು ತಿಂಗಳಾಯಿತು. ಕುತ್ತಿಗೆಯಲ್ಲಿ ಗಂಟು ಇನ್ನೂ ಕೈಗೆ ಸಿಗುತ್ತದೆ. ಆದರೂ ಪೆಟ್-ಸಿಟಿಗೆ ಇನ್ನೂ ಎರಡು ತಿಂಗಳು ಕಾಯಬೇಕಂತೆ. ಈ ವಿಳಂಬದಿಂದ ಅಪಾಯವಿಲ್ಲವೇ?

ಉತ್ತರ: ವಿಕಿರಣದ ನಂತರ ಆ ಭಾಗದ ಊತಕಗಳಲ್ಲಿ ಉರಿಯೂತ ವಾರಗಟ್ಟಲೆ ಇರುತ್ತದೆ, ಅದೂ ಹೊಳೆಯುತ್ತದೆ. ಬೇಗ ತೆಗೆದರೆ ಉರಿಯೂತವನ್ನೇ ಕ್ಯಾನ್ಸರ್ ಎಂದು ಭಾವಿಸುವ ಅಪಾಯವಿದೆ. ಸುಮಾರು 12 ವಾರ ಕಾಯುವುದು ಆ ಕಾರಣಕ್ಕೆ. ಗಂಟು ಕೈಗೆ ಸಿಗುತ್ತಿದ್ದರೂ ಅದರಲ್ಲಿ ಉಳಿದಿರುವುದು ಬರಿಯ ಮಾಗಿದ ಗಾಯದ ಕಲೆಯಾಗಿರಬಹುದು. ಜೀವಂತ ಕ್ಯಾನ್ಸರ್ ಇದೆಯೇ, ಕಲೆ ಮಾತ್ರವೇ ಎಂದು ಹೇಳಲು ಗಾತ್ರ ತೋರಿಸುವ ಸಿಟಿಗಿಂತ ಜೋಡಿ ಸ್ಕ್ಯಾನ್ ಹೆಚ್ಚು ಸಮರ್ಥ.

ಈ ಕಾಯುವಿಕೆಗೆ ಗಟ್ಟಿಯಾದ ಆಧಾರವಿದೆ. ನಿಮ್ಮಂತೆಯೇ ಚಿಕಿತ್ಸೆ ಪಡೆದ 564 ರೋಗಿಗಳ ಮೇಲೆ ಬ್ರಿಟನ್ನಿನಲ್ಲಿ ನಡೆದ, 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅರ್ಧದಷ್ಟು ಜನರಿಗೆ ಕುತ್ತಿಗೆಯ ಗ್ರಂಥಿಗಳನ್ನು ತೆಗೆಯುವ ಶಸ್ತ್ರಚಿಕಿತ್ಸೆಯನ್ನು ಮೊದಲೇ ಯೋಜಿಸಲಾಗಿತ್ತು. ಉಳಿದವರಿಗೆ 12 ವಾರಗಳ ನಂತರ ಪೆಟ್-ಸಿಟಿ ಮಾಡಿ, ಅಗತ್ಯ ಕಂಡರೆ ಮಾತ್ರ ಶಸ್ತ್ರಚಿಕಿತ್ಸೆ. ಮೊದಲ ಗುಂಪಿನಲ್ಲಿ 221 ಶಸ್ತ್ರಚಿಕಿತ್ಸೆಗಳಾದವು, ಎರಡನೆಯದರಲ್ಲಿ 54. ಬದುಕುಳಿದವರ ಪ್ರಮಾಣದಲ್ಲಿ ಎರಡನೆಯ ಗುಂಪು ಹಿಂದೆ ಬೀಳಲಿಲ್ಲ. ಕುತ್ತಿಗೆಯ ಮೇಲಿನ ಶಸ್ತ್ರಚಿಕಿತ್ಸೆಯ ನಂತರ ಭುಜ ಎತ್ತಲಾಗದೆ ಬಳಲುವವರನ್ನು ಕಂಡಿರುವ ನನಗೆ ಈ ಅಂಕಿಗಳು ಬಹಳ ದೊಡ್ಡವು. ಆದರೆ ಗಂಟು ಬೆಳೆಯುತ್ತಿದೆ ಅನ್ನಿಸಿದರೆ, ನೋವು ಅಥವಾ ನುಂಗಲು ಕಷ್ಟ ಹೆಚ್ಚಿದರೆ ಎರಡು ತಿಂಗಳು ಕಾಯದೆ ಕೂಡಲೇ ನಿಮ್ಮ ವೈದ್ಯರನ್ನು ಕಾಣಿ.

ಪ್ರಶ್ನೆ: ನನ್ನ ಪತಿಗೆ ಪ್ರಾಸ್ಟೇಟ್ ಕ್ಯಾನ್ಸರ್. ಎಫ್‌ಡಿಜಿ ಬೇಡ, ಪಿಎಸ್‌ಎಮ್‌ಎ ಪೆಟ್ ಮಾಡಿಸಿ ಎಂದಿದ್ದಾರೆ. ಏನು ವ್ಯತ್ಯಾಸ?

ಉತ್ತರ: ಯಂತ್ರ ಒಂದೇ, ಚುಚ್ಚುವ ದ್ರವ ಬೇರೆ. ಪ್ರಾಸ್ಟೇಟ್ ಕ್ಯಾನ್ಸರಿನ ಕೋಶಗಳಿಗೆ ಸಾಮಾನ್ಯವಾಗಿ ಗ್ಲೂಕೋಸಿನ ಹಸಿವು ಕಡಿಮೆ, ಆದರೆ ಅವುಗಳ ಹೊರಮೈಯಲ್ಲಿ ಪಿಎಸ್‌ಎಮ್‌ಎ ಎಂಬ ಪ್ರೋಟೀನ್ ಹೇರಳವಾಗಿರುತ್ತದೆ. ಗ್ಯಾಲಿಯಂ-68 ಅಥವಾ ಫ್ಲೋರಿನ್-18 ಎಂಬ ವಿಕಿರಣಶೀಲ ಪರಮಾಣುವನ್ನು ಹೊತ್ತ ಅಣುವೊಂದು ಆ ಪ್ರೋಟೀನಿಗೆ ಹೋಗಿ ಅಂಟಿಕೊಳ್ಳುತ್ತದೆ. ಹರಡುವ ಸಂಭವ ಹೆಚ್ಚಿದ್ದ 302 ರೋಗಿಗಳ ಮೇಲೆ ಆಸ್ಟ್ರೇಲಿಯಾದಲ್ಲಿ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹರಡುವಿಕೆಯನ್ನು ಗುರುತಿಸುವ ನಿಖರತೆ ಪಿಎಸ್‌ಎಮ್‌ಎ ಪೆಟ್-ಸಿಟಿಗೆ ಶೇ. 92, ಸಿಟಿ ಮತ್ತು ಮೂಳೆ ಸ್ಕ್ಯಾನ್‌ಗಳಿಗೆ ಶೇ. 65 ಇತ್ತು. ಮುಂದೆ ಎಂದಾದರೂ ಬೇಕಾದಲ್ಲಿ, ಅದೇ ಪ್ರೋಟೀನಿಗೆ ಅಂಟುವ ಅಣುವಿನ ಮೇಲೆ ಲ್ಯುಟೀಶಿಯಂ-177 ಎಂಬ ವಿಕಿರಣಶೀಲ ಪರಮಾಣುವನ್ನು ಹೇರಿ ಗಡ್ಡೆಗೇ ವಿಕಿರಣ ತಲುಪಿಸುವ ಚಿಕಿತ್ಸೆಯೂ ಇದೆ. ಅದು ಯಾರಿಗೆ ಒದಗಬಹುದು ಎಂಬುದನ್ನು ಆರಿಸುವುದು ಈ ಸ್ಕ್ಯಾನ್‌ನಿಂದಲೇ.

ಪ್ರಶ್ನೆ: ಪೆಟ್-ಎಮ್‌ಆರ್‌ಐ ಪೆಟ್-ಸಿಟಿಗಿಂತ ಉತ್ತಮವೇ?

ಉತ್ತರ: ಕೆಲವು ಕಡೆ ಮಾತ್ರ. ಮಿದುಳು, ಯಕೃತ್ತು, ಕಿಬ್ಬೊಟ್ಟೆಯ ಅಂಗಗಳಂಥ ಮೃದು ಊತಕಗಳನ್ನು ಎಮ್‌ಆರ್‌ಐ ಸಿಟಿಗಿಂತ ಸ್ಪಷ್ಟವಾಗಿ ಬಿಡಿಸಿ ತೋರಿಸುತ್ತದೆ, ಸಿಟಿಯ ವಿಕಿರಣವೂ ತಪ್ಪುತ್ತದೆ; ಮತ್ತೆ ಮತ್ತೆ ಸ್ಕ್ಯಾನ್ ಬೇಕಾಗುವ ಮಕ್ಕಳಿಗೆ ಇದು ಒಳ್ಳೆಯದು. ಶ್ವಾಸಕೋಶದ ಸಣ್ಣ ಗಂಟುಗಳಿಗೆ ಸಿಟಿಯೇ ಮೇಲು.

ಪ್ರಶ್ನೆ: ಸ್ಕ್ಯಾನ್ ಆದ ಮೇಲೆ ನನ್ನ ದೇಹದಿಂದ ವಿಕಿರಣ ಹೊರಬರುತ್ತದೆಯೇ? ಮನೆಯಲ್ಲಿ ಎರಡು ವರ್ಷದ ಮಗನಿದ್ದಾನೆ.

ಉತ್ತರ: ಅಲ್ಪ ಪ್ರಮಾಣದಲ್ಲಿ, ಕೆಲವು ಗಂಟೆಗಳ ಕಾಲ ಹೊರಬರುತ್ತದೆ. ಒಂದು ಪೆಟ್-ಸಿಟಿಯಲ್ಲಿ ನಿಮಗೆ ತಗಲುವ ವಿಕಿರಣ ಸಿಟಿಯ ಬಗೆಯನ್ನು ಅನುಸರಿಸಿ ಸುಮಾರು 8ರಿಂದ 25 ಮಿಲಿಸೀವರ್ಟ್. ಪ್ರಕೃತಿಯಿಂದ ಪ್ರತಿಯೊಬ್ಬರಿಗೂ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ತಗಲುತ್ತದೆ. ಕ್ಯಾನ್ಸರ್ ಇರುವವರಿಗೆ ಸ್ಕ್ಯಾನ್ ಕೊಡುವ ಮಾಹಿತಿಯ ಮುಂದೆ ಈ ಅಪಾಯ ಸಣ್ಣದು. ಆದರೆ ಯಾವ ಕಾಯಿಲೆಯ ಲಕ್ಷಣವೂ ಇಲ್ಲದವರು ಸುಮ್ಮನೆ ಪರೀಕ್ಷಿಸಿಕೊಳ್ಳಲೆಂದು ಇದನ್ನು ಮಾಡಿಸುವುದನ್ನು ನಾನು ಒಪ್ಪುವುದಿಲ್ಲ. ಫ್ಲೋರಿನ್-18 ಸುಮಾರು 110 ನಿಮಿಷಕ್ಕೊಮ್ಮೆ ಅರ್ಧಕ್ಕಿಳಿಯುತ್ತದೆ, ಉಳಿದದ್ದರಲ್ಲಿ ಒಂದಷ್ಟು ಮೂತ್ರದಲ್ಲಿ ಹೋಗುತ್ತದೆ. ಹೆಚ್ಚು ನೀರು ಕುಡಿಯಿರಿ. ಗರ್ಭಿಣಿಯರಿಂದಲೂ ಮಗುವಿನಿಂದಲೂ ಅಂದಿನ ಮಟ್ಟಿಗೆ ತುಸು ದೂರವಿರಿ. ಮಗನಿಗೆ ಇನ್ನೂ ಹಾಲೂಡಿಸುತ್ತಿದ್ದರೆ ಚುಚ್ಚುವ ಮೊದಲೇ ಸಿಬ್ಬಂದಿಗೆ ತಿಳಿಸಿ. ಹನ್ನೆರಡು ಗಂಟೆ ಕಳೆಯುವಷ್ಟರಲ್ಲಿ ಚುಚ್ಚಿದ್ದರಲ್ಲಿ ನೂರಕ್ಕೆ ಒಂದು ಪಾಲು ಮಾತ್ರ ಉಳಿದಿರುತ್ತದೆ. ಬೆಳಿಗ್ಗೆ ಸ್ಕ್ಯಾನ್ ಆಗಿದ್ದರೆ, ಮರುದಿನ ಬೆಳಿಗ್ಗೆ ಎದ್ದೊಡನೆ ಮಗನನ್ನು ನಿಶ್ಚಿಂತೆಯಿಂದ ಎತ್ತಿಕೊಳ್ಳಬಹುದು.